ಇಳಿಜಾರಿನ ವಠಾರ

ಪ್ಲೇಗಿನ ವರ್ಷ ಮನೆ ಬಿಟ್ಟುಬಂದ ಆರು ಸಂಸಾರಗಳು ಕ್ಲೋಸ್‌ಪೇಟೆಯ ಹೊರಗೆ ಗುಡಿಸಲುಗಳಲ್ಲೇ ಉಳಿದುಬಿಟ್ಟಿದ್ದವು. ರೇಷ್ಮೆ ವ್ಯಾಪಾರಿ ಗವಿಸಿದ್ದಯ್ಯನವರು ಅವರಿಗಾಗಿ ಬೆಟ್ಟದ ತಪ್ಪಲಿನ ತಮ್ಮ ಇಳಿಜಾರು ಜಾಗ ಬಿಟ್ಟುಕೊಟ್ಟು, ವಠಾರ ಕಟ್ಟುವ ಹೊಣೆಯನ್ನು ಮೇಸ್ತ್ರಿ ರುದ್ರಯ್ಯನಿಗೆ ವಹಿಸಿದರು.

ರುದ್ರಯ್ಯ ಬೆಂಗಳೂರಿನ ದಂಡುಪ್ರದೇಶದಲ್ಲಿ ದೊರೆಗಳಿಗೆ ಬಂಗಲೆ ಕಟ್ಟಿ ಬಂದವನು. ಜಾಗವನ್ನು ಸಮ ಮಾಡಿ ಆರು ಮನೆಗಳನ್ನೂ ಒಂದೇ ಸಾಲಿಗೆ ನಿಲ್ಲಿಸುವ ನಕ್ಷೆ ಬರೆದ. ತಗ್ಗಿನ ಕಡೆ ಕಲ್ಲಿನ ಗೋಡೆ ಎಬ್ಬಿಸಿ ಆಳೆತ್ತರ ಮಣ್ಣು ತುಂಬಿಸಿದ. ಒಂದೇ ಮಳೆಗೆ ಗೋಡೆ ಹೊಟ್ಟೆ ಬಿಟ್ಟು ಬಿತ್ತು, ಮಣ್ಣೆಲ್ಲ ಕೊಚ್ಚಿಹೋಯಿತು.

ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಮಣ್ಣು ಹೊರುತ್ತಿದ್ದ ಕೋಡಿಹಳ್ಳಿಯ ಚಿಕ್ಕಲಕ್ಷ್ಮಮ್ಮ ಮಂಕರಿ ಕೆಳಗಿಟ್ಟು ಹತ್ತಿರ ಬಂದಳು.

"ಒಂದ್ ಮಾತ್ ಯೋಳ್ತೀನಿ ಮೇಸ್ತ್ರಿ, ತಪ್ ತಿಳ್ಕಾಬ್ಯಾಡಿ. ಗುಡ್ಡದ ಹೊಲನ ನಮ್ಮೂರಲ್ಲಿ ಯಾರೂ ಒಂದೇ ಮಟ್ಟ ಮಾಡಾಕಿಲ್ಲ. ಅಡ್ಡಕ್ಕೆ ಬದು, ತೆವರಿ ಆಕಿ ಮೆಟ್ಲು ಮೆಟ್ಲಾಗಿ ಉಳ್ತೀವಿ. ನೀರು ಒಸಿ ಒಸಿ ಇಳ್ಕಂಡು ಓಯ್ತದೆ. ಮನೇನೂ ಅಂಗೇ ಕಟ್ಟಕಾದದಾ, ನಂಗ್ ಗೊತ್ತಿಲ್ಲ."

ರುದ್ರಯ್ಯ ಎದ್ದು ಇಳಿಜಾರನ್ನು ಮೇಲಿಂದ ಕೆಳಗೆ ಅಳೆದ. ಎರಡು ದಿನ ಕೂತು ಹೊಸ ನಕ್ಷೆ ಬರೆದ. ಮೂರು ಮಟ್ಟ, ಮಟ್ಟಕ್ಕೆ ಎರಡು ಮನೆ. ಕೆಳಮನೆಯ ಗಚ್ಚಿನ ತಾರಸಿಯೇ ಮೇಲಿನ ಮನೆಯ ಅಂಗಳ. ಪಕ್ಕದಲ್ಲಿ ಮೆಟ್ಟಿಲು, ಅದರ ಜೊತೆಗೇ ಕಲ್ಲಿನ ಚರಂಡಿ.

ಕೇಳಿದ್ದೇ ಗುಡಿಸಲಿನವರಲ್ಲಿ ಹಿರಿಯಳಾದ ಅಂಕಮ್ಮ ಗದರಿದಳು. "ನಮ್ ನೆತ್ತಿ ಮ್ಯಾಲೆ ಇನ್ನೊಬ್ರು ರಾಗಿ ಬೀಸೋದೇನಪ್ಪಾ? ಕೆಳಗ್ಲು ಮನೆಗೆ ನಾವ್ಯಾರೂ ಓಗಾಕಿಲ್ಲ."

"ಒಂದ್ ಮಳೆಗಾಲ ನಾನೇ ಅಲ್ಲಿ ಸಂಸಾರ ಮಾಡ್ತೀನಿ ಕಣವ್ವ. ಒಂದ್ ಹನಿ ಸೋರಿದ್ರೂ ಬಂದು ಕೇಳು," ಎಂದ ರುದ್ರಯ್ಯ.

ವಠಾರ ಕಟ್ಟಿ ಮುಗಿಸಿ ಹಾಗೆಯೇ ಮಾಡಿದ. ಮುಂಗಾರು ಸುರಿಯಿತು, ಹಿಂಗಾರೂ ಸುರಿಯಿತು. ನೀರು ಚರಂಡಿ ಹಿಡಿದು ಇಳಿದುಹೋಯಿತು. ದೀಪಾವಳಿ ಕಳೆದ ಮೇಲೆ ಅಂಕಮ್ಮನೇ ಬಂದು ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ಬೆಚ್ಚಗೈತೆ. ನೀ ಒಂಟೋಗು, ನಾನ್ ಬತ್ತೀನಿ," ಎಂದಳು.

ಆರು ಮನೆಗಳಲ್ಲೂ ಒಲೆ ಹೊತ್ತಿದ ದಿನ ಗವಿಸಿದ್ದಯ್ಯನವರು ರುದ್ರಯ್ಯನಿಗೆ ಶಾಲು ಹೊದಿಸಿದರು. ಅವನ ಕಣ್ಣು ಚಿಕ್ಕಲಕ್ಷ್ಮಮ್ಮನನ್ನು ಹುಡುಕಿತು. ಅವಳು ಊರಿಗೆ ಹೋಗಿ ತಿಂಗಳುಗಳೇ ಆಗಿದ್ದವು. ಮರುದಿನವೇ ಗಾಡಿ ಕಟ್ಟಿಸಿಕೊಂಡು, ಕಾನಕಾನಹಳ್ಳಿ ದಾಟಿ ಕೋಡಿಹಳ್ಳಿಗೆ ಹೋದ. ಅವಳು ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಶಾಲು ತೆಗೆದು ಅವಳ ಹೆಗಲಿಗೆ ಹಾಕಿ, "ಇದು ನಿಂಗೇ ಸೇರಬೇಕಾದ್ದು ಕಣವ್ವ. ಆರು ಸಂಸಾರ ನಿನ್ನ ನೆನ್ಕಂಡು ಮಲಗ್ತವೆ," ಎಂದ.

"ಇಷ್ಟಕ್ಕೆ ಅಷ್ಟ್ ದೂರದಿಂದ ಬಂದ್ರಾ!" ಎಂದು ಅವಳು ನಾಚಿದಳು. "ಬನ್ನಿ, ಮುದ್ದೆ ಉಂಡ್ಕಂಡು ಓಗಿವ್ರಂತೆ."

ಅವಳ ಮನೆಯ ಜಗಲಿಯ ಮೇಲೆ ಕೂತು, ಬಿಸಿ ಮುದ್ದೆಗೆ ಅವರೆಕಾಳಿನ ಸಾರು ಹಾಕಿಸಿಕೊಂಡು, ರುದ್ರಯ್ಯ ಹೊಟ್ಟೆ ತುಂಬ ಉಂಡ.