ಬರ್ಚ್ ಕುಟುಂಬಕ್ಕೆ ಸೇರಿದ ಹಾರ್ನ್‌ಬೀಮ್

ನನ್ನ ವಾರಗಿತ್ತಿಯ ಮುಖ ನನಗೆ ಮನೆಯಲ್ಲೇ ಬೇಕಾದಷ್ಟಾಗುತ್ತದೆ. ಒಂದೇ ಅಡುಗೆಮನೆ, ಒಂದೇ ಬಚ್ಚಲು, ಬೆಳಗ್ಗೆ ಎದ್ದರೆ ಅವಳದೇ ವಟವಟ. ಪುಣ್ಯಕ್ಕೆ ಕೆಲಸದ ಜಾಗದಲ್ಲಾದರೂ ಬೇರೆ ಬೇರೆ ಕೋಣೆ. ನಾವಿಬ್ಬರೂ ಸಸ್ಯಸಂಗ್ರಹಾಲಯದಲ್ಲಿ ಒಣಗಿದ ರೆಂಬೆ, ಎಲೆಗಳನ್ನು ಹಾಳೆಗೆ ಅಂಟಿಸುವವರು. ಬರ್ಚ್ ಮರಗಳ ಕೋಣೆ ಅವಳದು, ಹಾರ್ನ್‌ಬೀಮ್ ಮರಗಳ ಕೋಣೆ ನನ್ನದು. ಬಾಗಿಲು ಹಾಕಿಕೊಂಡೆನೆಂದರೆ ಸಂಜೆಯವರೆಗೆ ನಾನೇ ಮಹಾರಾಣಿ.

ಅದಕ್ಕೂ ಕಲ್ಲು ಬಿತ್ತು. ಹೊಸ ಮೇಲಧಿಕಾರಿ ಬಂದವನೇ ನಮ್ಮ ವರ್ಗೀಕರಣ ಓಬೀರಾಯನ ಕಾಲದ್ದೆಂದು ಮೂಗು ಮುರಿದ. ಹಾರ್ನ್‌ಬೀಮ್‌ಗೆ ಬೇರೆ ಕುಟುಂಬ ಕಟ್ಟಿಕೊಟ್ಟದ್ದೇ ತಪ್ಪಂತೆ. ಜಡೆಯ ಹಾಗೆ ಜೋತಾಡುವ ಹೂಗೊಂಚಲು ನೋಡಿದರೂ, ವಂಶವಾಹಿ ನೋಡಿದರೂ ಅದು ಬರ್ಚ್ ಕುಟುಂಬದ್ದೇ ಅಂತೆ. ಒಂದೇ ಕುಟುಂಬವೆಂದ ಮೇಲೆ ಒಂದೇ ಕೋಣೆ. ಸೋಮವಾರ ಹಾರ್ನ್‌ಬೀಮ್ ಹಾಳೆಗಳೆಲ್ಲ ಬರ್ಚ್ ಕೋಣೆಗೆ ಹೋಗಬೇಕು, ಜೊತೆಗೆ ನಾನೂ. ನನಗೆ ಮೈಯೆಲ್ಲ ಉರಿದುಹೋಯಿತು. ಮರಗಳು ಬೇಕಾದರೆ ಒಂದಾಗಲಿ, ನಾನ್ಯಾಕೆ ಒಂದಾಗಬೇಕು?

ನಮ್ಮಲ್ಲಿ ಹಾಳೆಗಳನ್ನು ಎರಡು ರಟ್ಟುಗಳ ನಡುವೆ ಇಟ್ಟು, ಮಂಡಿಯಿಂದ ಒತ್ತಿ, ಪಟ್ಟಿ ಕಟ್ಟಿ ಬಿಗಿಯುವುದು ಪದ್ಧತಿ. ನಾನು ಬಾಗಿಲು ಹಾಕಿಕೊಂಡು ಒಂದೊಂದೇ ಪಟ್ಟಿ ಸಡಿಲಿಸಿದೆ. ಹಾರ್ನ್‌ಬೀಮ್ ಕಾಯಿಗಳಿಗೆ ಮೂರು ಸೀಳಿನ ರೆಕ್ಕೆಗಳು ಬೇರೆ ಇರುತ್ತವಲ್ಲ, ಬಿಟ್ಟದ್ದೇ ತಡ, ಕಟ್ಟುಗಳು ದಿಂಬಿನ ಹಾಗೆ ಉಬ್ಬಿದವು.

ಸೋಮವಾರ ಬರ್ಚ್ ಕೋಣೆಯ ಕಪಾಟುಗಳಲ್ಲಿ ಅವು ಅರ್ಧವೂ ಹಿಡಿಯಲಿಲ್ಲ. ನಾನು ಏನೂ ಅರಿಯದವಳ ಮುಖ ಮಾಡಿಕೊಂಡು, ಜಾಗವಿಲ್ಲದಿದ್ದರೆ ಬೇರೆ ಬೇರೆಯೇ ಇರಲಿ ಬಿಡಿ ಎಂದೆ. ಆ ಪುಣ್ಯಾತ್ಮ ಗಡ್ಡ ಕೆರೆದುಕೊಂಡ. ಕುಟುಂಬ ಒಡೆಯುವ ಹಾಗಿಲ್ಲ, ನೆಲಮಾಳಿಗೆಯ ಹಜಾರ ಖಾಲಿಯಿದೆ, ಇಬ್ಬರೂ ಅಲ್ಲಿಗೆ ಇಳಿಯಿರಿ ಎಂದುಬಿಟ್ಟ.

ಹಜಾರದಲ್ಲಿ ಕಿಟಕಿಯಿಲ್ಲ, ಮೇಜೂ ಒಂದೇ. ಸಿಟ್ಟಿನಲ್ಲಿ ವಾರಗಿತ್ತಿಯ ಕಟ್ಟೊಂದನ್ನು ಎತ್ತಿದೆ. ಹಾಳೆಗಳು ಸರ್ರನೆ ಜಾರಿ ನನ್ನ ಕಾಲ ಮೇಲೆ ಬಿದ್ದವು. ಪಟ್ಟಿ ಸಡಿಲವಾಗಿತ್ತು. ಇನ್ನೊಂದು ಮುಟ್ಟಿ ನೋಡಿದೆ, ಅದೂ ಸಡಿಲ. ಬರ್ಚ್ ಕಟ್ಟುಗಳೆಲ್ಲ ಹಾಗೇ ಇದ್ದವು. ನಾನು ಅವಳ ಮುಖ ನೋಡಿದೆ.

“ನೀವು ನನ್ ಕೋಣೆಗೆ ಬರೋದು ನಂಗೂ ಬೇಡಾಗಿತ್ತು ಅಕ್ಕ,” ಅಂದಳು. “ದಿನದಲ್ಲಿ ಅಷ್ಟೊತ್ತಾದ್ರೂ ನಿಮ್ಮಿಂದ ತಪ್ಪಿಸ್ಕೊಂಡಿರೋಣ ಅಂತ.”

ನನ್ನಿಂದ! ಇಷ್ಟು ವರ್ಷ ಸಹಿಸಿಕೊಂಡು ಬಂದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಕೋಪ ಬಂತು, ನಾಚಿಕೆಯಾಯಿತು, ಕೊನೆಗೆ ತಡೆಯಲಾರದೆ ನಗು ಬಂತು. ಅವಳೂ ಮೇಜಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವಳು ಮಂಡಿಯಿಂದ ಕಟ್ಟು ಒತ್ತಿ ಹಿಡಿದಳು, ನಾನು ಪಟ್ಟಿ ಎಳೆದು ಬಿಗಿದೆ.