ಮೂರು ಮೂಲೆಯ ಎಂಜಿನ್

ನಾರಾಯಣಖೇಡದ ಬೇಳೆ ವ್ಯಾಪಾರಿ ಮನ್ಮಥಪ್ಪನವರ ಇಂಪಾಲಾ ಕಾರನ್ನು ಪೋಚಪ್ಪ ಇಪ್ಪತ್ತಾರು ವರ್ಷ ಓಡಿಸಿದ್ದ. ಎಡಗಡೆ ಸ್ಟೀರಿಂಗ್ ಇದ್ದ, ಓಣಿಯಲ್ಲಿ ತಿರುಗದಷ್ಟು ಉದ್ದದ ಅಮೆರಿಕದ ಗಾಡಿ ಅದು. ಒಂದು ಬೇಸಿಗೆಯಲ್ಲಿ ಸಾಹುಕಾರರ ಮಗ ರೇಡಿಯೇಟರಿನ ನೀರು ನೋಡದೆ ತಾಂಡೂರಿನ ತನಕ ಓಡಿಸಿ ಎಂಜಿನ್ ಸೀಳಿಸಿದ. ಆಮೇಲೆ ಗಾಡಿ ಯಾರಿಗೂ ಬೇಡವಾಯಿತು.

"ನೀನೇ ಒಯ್ಯೋ ಪೋಚಪ್ಪಾ" ಎಂದರು ಮನ್ಮಥಪ್ಪ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಮನೆ ಮುಂದೆ ನಿಲ್ಲಿಸಿದ. ಹನ್ನೆರಡು ವರ್ಷ ಅದು ಅಲ್ಲೇ ನಿಂತಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಪೋಚಪ್ಪನ ಕಣ್ಣು ತಿಂದಿತ್ತು.

ಮಗಳು ಧಮ್ಮಶೀಲಾ ಐಟಿಐ ಓದಿ, ಗಂಡ ಜೈಪಾಲನ ಜೊತೆ ಜಹೀರಾಬಾದಿನಲ್ಲಿ ಗ್ಯಾರೇಜು ಇಟ್ಟಿದ್ದಳು. ಅಪ್ಪನನ್ನು ಒಮ್ಮೆ ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿ ಸುತ್ತಾಡಿಸಬೇಕೆಂಬುದು ಅವಳ ಆಸೆ. ಅಷ್ಟು ವರ್ಷ ಅವನು ಆ ಸೀಟನ್ನು ಒರೆಸಿದ್ದನೇ ಹೊರತು ಅದರ ಮೇಲೆ ಕೂತಿರಲಿಲ್ಲ.

ಗಾಡಿಯನ್ನು ಗ್ಯಾರೇಜಿಗೆ ತರಿಸಿದಳು. ಎಂಟು ಸಿಲಿಂಡರಿನ ಹಳೆಯ ಎಂಜಿನ್‌ಗೆ ಎರಡು ಸಲ ಬೆಸುಗೆ ಹಾಕಿಸಿದಳು. ಎರಡು ಸಲವೂ ಬಿರುಕು ಬಾಯಿ ತೆರೆಯಿತು. ಅಂಥದ್ದೇ ಇನ್ನೊಂದು ಎಲ್ಲೂ ಸಿಗಲಿಲ್ಲ. ಕೊನೆಗೆ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ ಜಪಾನಿನ ಕಾರೊಂದರ ರೋಟರಿ ಎಂಜಿನ್ ಕಣ್ಣಿಗೆ ಬಿತ್ತು. ಪಿಸ್ಟನ್ನುಗಳ ಬದಲು ಅದರೊಳಗೆ ಮೂರು ಮೂಲೆಯ ಎರಡು ದಪ್ಪ ಬಿಲ್ಲೆಗಳು ಗಿರಗಿರನೆ ತಿರುಗುತ್ತವೆ.

"ಇಷ್ಟ್ ಸಣ್ಣದು ಅಷ್ಟ್ ದೊಡ್ಡ ಗಾಡಿ ಎಳಿತದೇನು?" ಎಂದ ಜೈಪಾಲ.

"ಎಳಿಬೇಕು. ಬ್ಯಾರೆ ಹಾದಿ ಇಲ್ಲ."

ಹದಿನಾಲ್ಕು ತಿಂಗಳು ಹಿಡಿಯಿತು. ಹಳೆಯ ಎಂಜಿನ್ ಕೂರುತ್ತಿದ್ದ ಕಬ್ಬಿಣದ ಅಡ್ಡಪಟ್ಟಿಗಳನ್ನು ಕೊಯ್ದು ಹೊಸವನ್ನು ಬೆಸೆದಳು. ಗೇರ್ ಬಾಕ್ಸಿಗೆ ಜೋಡಿಸುವ ತಟ್ಟೆಯನ್ನು ಲೇತಿನಲ್ಲಿ ಮೂರು ಸಲ ಕಡೆಸಿದಳು. ಕೆಲಸಕ್ಕೆ ಜಾಗ ಸಾಲದೆ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಿದಳು. ಗಾಡಿ ರಿಪೇರಿ ನಡೆದಿದೆ ಎಂದಷ್ಟೇ ಅಪ್ಪನಿಗೆ ಹೇಳಿದ್ದಳು.

ಒಂದು ಭಾನುವಾರ ಅವಳೇ ಓಡಿಸಿಕೊಂಡು ನಾರಾಯಣಖೇಡಕ್ಕೆ ಬಂದಳು. ಕಟ್ಟೆಯ ಮೇಲೆ ಕೂತಿದ್ದ ಪೋಚಪ್ಪ ಸದ್ದು ಕೇಳಿಯೂ ಮುಖ ತಿರುಗಿಸಲಿಲ್ಲ.

"ಯಾರ್ ಬಂದಾರ?"

"ನಾನಪ್ಪಾ. ನಿನ್ ಗಾಡಿ ತಂದೀನಿ."

ಕೈಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದಳು. ನಾಗಲಗಿದ್ದದ ರಸ್ತೆ ಹಿಡಿದಾಗ ಎಂಜಿನ್ ಜೇನುಹುಳದ ಹಿಂಡಿನಂತೆ ಗುಂಯ್ಗುಟ್ಟಿತು. ಹಳೆಯದು ಹೊಟ್ಟೆಯೊಳಗಿಂದ ಗುಡುಗುತ್ತಿತ್ತು. ಪೋಚಪ್ಪ ಅಂಗೈಯಲ್ಲಿ ಸೀಟು ಸವರಿದ, ಬಾಗಿಲು ಸವರಿದ. ಎರಡು ಮೈಲಿ ದಾಟಿತ್ತು.

"ನಿಲ್ಸು" ಎಂದ.

ನಿಲ್ಲಿಸಿದಳು.

"ಮೈ ನಮ್ ಗಾಡೀದೇ ಅದ. ಒಳಗ ಯಾರು ಅದಾರ?"

ಅವಳು ಎಲ್ಲ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ.

"ಹಳೆ ಎಂಜಿನ್ ಎಲ್ಲಿಟ್ಟಿ?"

"ಗುಜರಿಗೆ ಹಾಕ್ದೆ ಅಪ್ಪಾ. ಒಡದಿತ್ತು."

"ಒಡದಿದ್ದು ನಂಗೊತ್ತದ. ರಿಪೇರಿ ಮಾಡು ಅಂತ ನಾ ಅಂದಿದ್ದೆನೇನು?"

ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಅವಳು ಗಾಡಿ ತಿರುಗಿಸಿ, ಅಪ್ಪನನ್ನು ಮನೆಯಲ್ಲಿ ಇಳಿಸಿ, ಜಹೀರಾಬಾದಿಗೆ ವಾಪಸಾದಳು.

ಎಂಟನೆಯ ದಿನ ಜಹೀರಾಬಾದಿನಲ್ಲಿ ಎಂಜಿನ್ ಹೊಗೆ ಉಗುಳಿ ನಿಂತಿತು. ಬಿಚ್ಚಿ ನೋಡಿದರೆ ಗಾಳಿ ಸೋರದಂತೆ ಬಿಲ್ಲೆಗಳ ಮೂಲೆಗೆ ಕೂರಿಸುವ ಸೀಲುಗಳು ಪುಡಿಯಾಗಿದ್ದವು. ಹೈದರಾಬಾದಿನಲ್ಲಿ ವಿಚಾರಿಸಿದಳು, ಮುಂಬೈಗೆ ಫೋನು ಮಾಡಿಸಿದಳು. ಅಂಥ ಸೀಲು ಎಲ್ಲೂ ಇರಲಿಲ್ಲ. ಲೇತಿನವನು ಮಾಡಿಕೊಟ್ಟದ್ದು ಅರ್ಧ ದಿನವೂ ಬಾಳಲಿಲ್ಲ.

ಅಪ್ಪನಿಗೆ ಫೋನು ಮಾಡಿದಳು. "ಗಾಡಿ ಅಲ್ಲಿಗೇ ತಂದು ನಿಲ್ಲಿಸ್ಲೇನಪ್ಪಾ?"

"ಬ್ಯಾಡವ್ವ. ಆ ಜಾಗದಾಗ ಎಮ್ಮಿ ಕಟ್ಟೀನಿ" ಎಂದ ಪೋಚಪ್ಪ. ಮೊಮ್ಮಕ್ಕಳು ಉಂಡರೇ ಎಂದು ಕೇಳಿ ಫೋನು ಇಟ್ಟ.

ಬಿಚ್ಚಿದ ಎಂಜಿನ್ ಬೆಂಚಿನ ಮೇಲೆ ಹಾಗೇ ಉಳಿಯಿತು. ಧಮ್ಮಶೀಲಾ ಅದರ ಮೇಲೊಂದು ಗೋಣಿತಟ್ಟು ಹೊದಿಸಿದಳು.