ಎಲ್ಲೂ ಹಿಡಿಯಲ್ಲ

ನನ್ನ ಹೊಲಿಗೆ ಅಂಗಡಿಯಲ್ಲಿ ಒಂದು ಪದ್ಧತಿ. ಬಟ್ಟೆ ಕತ್ತರಿಸಿದ ಮೇಲೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತೇನೆ. ಹೆಂಗಸರು ತೊಟ್ಟು ನೋಡಿ, ಇಲ್ಲಿ ಹಿಡಿಯುತ್ತದೆ, ಅಲ್ಲಿ ಜೋಲುತ್ತದೆ ಎಂದು ಬೈಯಬೇಕು. ಬೈದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದು, ಆಮೇಲೆ ಮಿಷನ್ನಿಗೆ ಕೊಡುತ್ತೇನೆ. ಹದಿನಾರು ವರ್ಷ ನನಗೆ ಕಸುಬು ಕಲಿಸಿದ್ದು ಈ ಬೈಗುಳವೇ.

ಎಲ್ಲರಿಗಿಂತ ಚೆನ್ನಾಗಿ ಬೈಯುತ್ತಿದ್ದವರು ಹಿಂದಿನ ಬೀದಿಯ ಟೀಚರಮ್ಮ. ಮೊಸರಲ್ಲಿ ಕಲ್ಲು ಹುಡುಕುವವರು. "ಇದೇನೇ ತಾಯಿ, ತೋಳು ಹೊಲಿದಿದ್ದೀಯೋ, ದಿಂಬಿನ ಕವರು ಹೊಲಿದಿದ್ದೀಯೋ?"

ಕಳೆದ ಚಳಿಗಾಲ ಪಕ್ಕದ ಔಷಧಿ ಅಂಗಡಿಯ ಬೀಗ ಒಡೆದರು. ಮರುವಾರವೇ ನನ್ನ ಗಂಡ ಪಿಸ್ತೂಲು ತಂದ. ಲೈಸೆನ್ಸು ಮೊದಲೇ ಮಾಡಿಸಿಟ್ಟಿದ್ದ, ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಳ್ಳಲು ಕಾನೂನಿನ ಅಡ್ಡಿಯೂ ಇರಲಿಲ್ಲ. ಬಸ್ ಡಿಪೋ ಕೆಲಸ ಬಿಟ್ಟ ಮೇಲೆ ಅವನು ದಿನವಿಡೀ ನನ್ನ ಅಂಗಡಿಯಲ್ಲೇ ಕೂರುತ್ತಿದ್ದ.

ಬೇಕರಿಯವನು ಮೊದಲ ದಿನ ತಮಾಷೆ ಮಾಡಿದ: "ಏನಣ್ಣಾ, ಸೊಳ್ಳೆಗೆ ಇಷ್ಟು ದೊಡ್ಡದಾ?" ಗಂಡ ನಗಲಿಲ್ಲ. ಮರುದಿನ ಬೇಕರಿಯವನೂ ನಗಲಿಲ್ಲ. ಮೂರನೆಯ ದಿನ ಕೇಳದೆಯೇ ಬಿಸಿ ಬ್ರೆಡ್ಡು ಕಟ್ಟಿಕೊಟ್ಟ. ತಾಯಂದಿರು ಮಕ್ಕಳನ್ನು ಆಚೆ ಬದಿಗೆ ಸರಿಸಿಕೊಂಡು, ನಮ್ಮತ್ತ ಹಲ್ಲು ಕಾಣುವಂತೆ ನಕ್ಕು ಹೋಗುತ್ತಿದ್ದರು.

"ನೋಡಿದ್ಯಾ, ಈಗ ಹೇಗೆ ಮರ್ಯಾದೆ ಕೊಡ್ತಾರೆ!" ಎಂದ ಗಂಡ.

ಕೊಡುತ್ತಿದ್ದರು. ನನ್ನ ಸೀಮೆಸುಣ್ಣ ಸವೆಯುವುದು ನಿಂತಿತು. ಪರದೆ ಸರಿಸಿ ಕನ್ನಡಿಯ ಮುಂದೆ ಬಂದವರ ಕಣ್ಣು ತಮ್ಮ ಮೈ ಮೇಲೆ ಇರುತ್ತಿರಲಿಲ್ಲ. ಹಿಂದೆ ಸ್ಟೂಲಿನ ಮೇಲೆ ಕೂತವನ ಸೊಂಟದ ಮೇಲೆ ಇರುತ್ತಿತ್ತು. ಎಲ್ಲರದೂ ಒಂದೇ ಮಾತು, ಚೆನ್ನಾಗಿದೆ.

ಟೀಚರಮ್ಮನ ಅಂಗಿಯ ಕಂಕುಳನ್ನು ನಾನು ಬಿಗಿಯಾಗಿ ಕತ್ತರಿಸಿಬಿಟ್ಟಿದ್ದೆ. ಬಟ್ಟೆ ಸುಕ್ಕುಗಟ್ಟಿ ಎಳೆಯುವುದು ದೂರಕ್ಕೇ ಕಾಣುತ್ತಿತ್ತು. ಸೀಮೆಸುಣ್ಣ ಹಿಡಿದು ಕಾದೆ.

"ತುಂಬಾ ಚೆನ್ನಾಗಿದೆಯಮ್ಮ."

"ಕೈ ಎತ್ತಿ ನೋಡಿ, ಟೀಚರಮ್ಮ. ಹಿಡಿಯುತ್ತಲ್ಲಾ?"

"ಇಲ್ಲ ಇಲ್ಲ. ಎಲ್ಲೂ ಹಿಡಿಯಲ್ಲ. ಹೀಗೇ ಹೊಲಿದುಬಿಡಿ."

ನಾನು ಗಂಡನ ಕಡೆ ತಿರುಗಿದೆ. "ಸ್ವಲ್ಪ ಹೊತ್ತು ಮನೆಗೆ ಹೋಗ್ತೀರಾ?"

"ಯಾಕೆ? ನನ್ನಿಂದ ಯಾರಿಗೆ ತೊಂದರೆ? ಟೀಚರಮ್ಮ, ನಿಮಗೇನಾದ್ರೂ ತೊಂದರೆನಾ?"

"ಅಯ್ಯೋ, ಇಲ್ಲಪ್ಪಾ. ನೀವಿದ್ರೆ ಧೈರ್ಯ."

"ಕೇಳಿದ್ಯಾ?" ಎಂದ ನನಗೆ.

ನಾನೂ ಹಟ ಮಾಡಿದೆ. ಅವರ ಬಾಯಿ ಬಿಡಿಸಲೇಬೇಕೆಂದು ಹಾಗೇ ಹೊಲಿದುಕೊಟ್ಟೆ. ಅವರು ಧನ್ಯವಾದ ಹೇಳಿ ತೆಗೆದುಕೊಂಡು ಹೋದರು.

ಹತ್ತು ದಿನದ ಮೇಲೆ ಗುಂಡಿ ತರಲೆಂದು ಒಬ್ಬಳೇ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲಿನ ಮುದುಕ ಟೈಲರನ ಅಂಗಡಿಯೊಳಗಿಂದ ಟೀಚರಮ್ಮನ ದನಿ ಕೇಳಿತು.

"ಈ ಕಂಕುಳು ನೋಡಿ! ಕೈ ಎತ್ತಿ ಬೋರ್ಡಿನ ಮೇಲೆ ಒಂದಕ್ಷರ ಬರೆಯೋಕಾಗಲ್ಲ. ಅವಳು ಕತ್ತರಿ ಹಿಡಿದಿದ್ಳೋ, ಕೊಡಲಿ ಹಿಡಿದಿದ್ಳೋ!"

ಎಷ್ಟು ತಿಂಗಳಾಗಿತ್ತು ಇಂಥದ್ದು ಕೇಳಿ! ಹಸಿದವಳಂತೆ ಒಳಗೆ ನುಗ್ಗಿದೆ. "ಇನ್ನೂ ಬೈಯಿರಿ ಟೀಚರಮ್ಮ. ಕೊಡಿ ಇಲ್ಲಿ, ನಾನೇ ಬಿಚ್ಚಿ ಹೊಲೀತೀನಿ."

ಟೀಚರಮ್ಮ ತಟ್ಟನೆ ತಿರುಗಿದರು. ಅಂಗಿಯನ್ನು ಮುದುರಿ ಬೆನ್ನ ಹಿಂದೆ ಹಿಡಿದರು. ಕಣ್ಣು ನನ್ನ ಹೆಗಲು ದಾಟಿ ಬೀದಿಯಲ್ಲಿ ಹುಡುಕಿತು.

"ಅವರು ಬಂದಿಲ್ಲ" ಎಂದೆ.

"ಇದು ನೀವು ಹೊಲಿದಿದ್ದಲ್ಲಮ್ಮ. ಬೇರೆ ಯಾರದ್ದೋ." ಮತ್ತೆ ದನಿ ತಗ್ಗಿಸಿ, "ಮನೇಲಿ ಏನೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

ಮುದುಕ ಟೈಲರು ತಲೆ ಎತ್ತಲಿಲ್ಲ. ದಾರವಿಲ್ಲದ ಮಿಷನ್ನನ್ನು ತುಳಿಯುತ್ತಲೇ ಇದ್ದ.